ಹೊಸ ಅಥಣಿ ಚಪ್ಪಲಿ ಕಚ್ಚದಂತೆ ಮಾಡಲು ಹರಳೆಣ್ಣೆಯೋ, ನೀರೋ, ಕೊಬ್ಬರಿ ಎಣ್ಣೆಯೋ?

ಕೊಲ್ಹಾಪುರಿ ಅಂತ ನಾವು ಕೊಳ್ಳುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ನಮ್ಮ ಅಥಣಿ, ನಿಪ್ಪಾಣಿ ಕಡೆಯವೇ. 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲೂ (ಇಂಥ ವಸ್ತು ಇಂಥ ಊರಿನದು ಅಂತ ಗುರುತಿಸುವ ಮಾನ್ಯತೆ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿವೆ. ಕಾಲಿಗೆ ಹೊಂದಿಕೊಂಡ ಮೇಲೆ ಇಷ್ಟು ತಂಪಾದ ಚಪ್ಪಲಿ ಇನ್ನೊಂದಿಲ್ಲ. ಆದರೆ ಹೊಸದರಲ್ಲಿ ಕಚ್ಚುತ್ತದೆ. ಮೊದಲು ಹೆಬ್ಬೆರಳಿನ ಬುಡದಲ್ಲಿ, ಆಮೇಲೆ ಪಾದದ ಮೇಲೆ ಪಟ್ಟಿಯ ಅಂಚು ತಾಗುವ ಕಡೆ. ಗುಳ್ಳೆ ಎದ್ದ ಕೂಡಲೇ ಎಷ್ಟೋ ಜನ ಅದನ್ನು ಮೂಲೆಗೆ ಹಾಕಿ ರಬ್ಬರ್ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಕೈಯಲ್ಲಿ ಹೊಲಿದ ವಸ್ತು ಹಾಗೆ ಮೂಲೆಗೆ ಬಿದ್ದರೆ ನನಗೆ ತುಂಬಾ ಬೇಜಾರು.

ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಾರೆ. ಯಾವುದು ಸರಿ ಅಂತ ನೋಡಲು ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಮಾಡಿ ಜೊತೆಜೊತೆಗೇ ಹಾಕಿಕೊಂಡು ಓಡಾಡಿದೆ. ಒಂದು ಜೋಡಿಯಲ್ಲಿ ಹರಳೆಣ್ಣೆ ಮತ್ತು ನೀರು. ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ, ಅದರ ಜೊತೆಯದಕ್ಕೆ ಏನೂ ಇಲ್ಲ.

ಹರಳೆಣ್ಣೆಯೇ ಗೆದ್ದಿತು. ಆದರೆ ಹಚ್ಚುವ ಜಾಗ ಮುಖ್ಯ. ಪಟ್ಟಿಯ ಮೇಲ್ಭಾಗಕ್ಕೆ ಸುರಿದರೆ ಹೊಳಪು ಬರುತ್ತದೆ ಅಷ್ಟೇ, ಕಚ್ಚುವುದು ನಿಲ್ಲುವುದಿಲ್ಲ. ಪಟ್ಟಿಯನ್ನು ಮಗುಚಿ ಒಳಗಡೆ ನೋಡಿ. ಅಲ್ಲಿ ಚರ್ಮ ನುಣುಪಾಗಿರುವುದಿಲ್ಲ, ಸಣ್ಣ ಎಳೆಗಳು ಬೆರಳಿಗೆ ಸಿಗುತ್ತವೆ. ಎಣ್ಣೆ ಕುಡಿಯುವುದು ಆ ಕಡೆ. ಹತ್ತಿಗೆ ನಾಲ್ಕು ತೊಟ್ಟು ಹಾಕಿ, ಹೆಬ್ಬೆರಳಿನಿಂದ ಒತ್ತಿ ತಿಕ್ಕಿ, ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮೇಲೆ ಉಳಿದ ಎಣ್ಣೆ ಒರೆಸಿ, ಪಟ್ಟಿಯನ್ನು ಹಿಂದೆ ಮುಂದೆ ಮಣಿಸಬೇಕು. ಹೊಸ ಪಟ್ಟಿ ಮಣಿಸಿದಾಗ ಮಡಿಕೆಯಲ್ಲಿ ಬಿಳಿಚಿದ ಗೆರೆಯೊಂದು ಏಳುತ್ತದೆ. ಎಣ್ಣೆ ಸರಿಯಾಗಿ ಇಳಿದಿದ್ದರೆ ಆ ಗೆರೆ ಕಾಣುವುದಿಲ್ಲ. ಸಾಕೋ ಬೇಕೋ ಅಂತ ತಿಳಿಯಲು ನನಗೆ ಇದೇ ಗುರುತು. ಉಂಗುಟದ, ಅಂದರೆ ಹೆಬ್ಬೆರಳು ತೂರಿಸುವ ಚರ್ಮದ ಬಳೆಯ, ಒಳಸುತ್ತಿಗೂ, ಪಟ್ಟಿಯ ಕತ್ತರಿಸಿದ ಅಂಚಿಗೂ ಮರೆಯದೆ ಹಚ್ಚಿ. ಕಾಲನ್ನು ಕೊಯ್ಯುವುದು ಆ ಅಂಚೇ.

ಇದು ಕೆಲಸ ಮಾಡುವುದಕ್ಕೆ ಕಾರಣವಿದೆ. ಈ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಹಾಗೆ ಹದವಾದ ಚರ್ಮ ಗಟ್ಟಿ, ತಾಳಿಕೆ ಜಾಸ್ತಿ. ಆದರೆ ಒಳಗಿನ ಎಳೆಗಳು ಒಣಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಎಣ್ಣೆ ಹೋದರೆ ಜಾರುತ್ತವೆ, ಚರ್ಮ ಬಾಗುತ್ತದೆ. ಹರಳೆಣ್ಣೆ ಮಂದ. ಹಾಗಾಗಿ ಒಳಗೆ ಹೋದದ್ದು ಬೇಗ ಹೊರಗೆ ಬರುವುದಿಲ್ಲ. ಹಳ್ಳಿ ಕಡೆ ಕೆರಕ್ಕೆ ಹರಳೆಣ್ಣೆ ಹಚ್ಚುತ್ತಿದ್ದದ್ದು ಸುಮ್ನೆ ಅಲ್ಲ.

ನೀರಿನದು ಬೇರೆ ಕಥೆ. ಒದ್ದೆ ಮಾಡಿ ಹಾಕಿಕೊಂಡರೆ ಮೊದಲ ಗಂಟೆ ಹರಳೆಣ್ಣೆಗಿಂತ ಸುಖ. ಪಟ್ಟಿ ಪಾದದ ಆಕಾರಕ್ಕೆ ಕೂರುತ್ತದೆ. ಒಣಗಿದ ಮೇಲೆ ಮತ್ತೆ ಗಟ್ಟಿ, ಮೊದಲಿಗಿಂತಲೂ ಜಾಸ್ತಿ. ಅಂಗಾಲಿಗೆ ಕಂದು ಬಣ್ಣ ಹತ್ತುತ್ತದೆ. ಅಟ್ಟೆಯ ತುದಿ ಮೇಲಕ್ಕೆ ಏಳಲು ಶುರುವಾಗುತ್ತದೆ. ಚಪ್ಪಲಿ ಪೂರ್ತಿ ಬಕೆಟ್‌ನಲ್ಲಿ ನೆನೆಸಿ ಅಂತ ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ಉಂಗುಟ ತೀರಾ ಬಿಗಿ ಇದ್ದರೆ ಮಾತ್ರ, ಅಷ್ಟಕ್ಕೇ ಒದ್ದೆ ಬಟ್ಟೆ ಸುತ್ತಿ, ಹೆಬ್ಬೆರಳು ಹಾಕಿ ನೆರಳಲ್ಲಿ ಕೂತುಕೊಳ್ಳಿ. ಒಣಗಿದ ಮೇಲೆ ಅದಕ್ಕೂ ಹರಳೆಣ್ಣೆ ಬೇಕೇ ಬೇಕು. ಬಿಸಿಲಲ್ಲಿ ಇಡಬೇಡಿ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ.

ಕೊಬ್ಬರಿ ಎಣ್ಣೆ ಮನೆಯಲ್ಲೇ ಇರುತ್ತದೆ, ಬೇಗ ಇಳಿಯುತ್ತದೆ. ಅಷ್ಟೇ ಬೇಗ ಕಾಲಿಗೂ ಹತ್ತುತ್ತದೆ. ಧೂಳು ಮೆತ್ತಿಕೊಂಡು ಪಟ್ಟಿ ಕಪ್ಪಾಯಿತು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಿಗ್ಗೆ ಅರ್ಧ ಗುಣ ಹೋದ ಹಾಗೇ. ಬೇರೆ ಏನೂ ಇಲ್ಲದಿದ್ದರೆ ಸರಿ.

ಏನೂ ಹಚ್ಚದ ಚಪ್ಪಲಿ ಕೂಡ ಕೊನೆಗೆ ಹೊಂದಿಕೊಂಡಿತು. ಮನೆಯೊಳಗೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು, ತಾಗುವ ಕಡೆ ಪ್ಲಾಸ್ಟರ್ ಅಂಟಿಸಿಕೊಂಡರೆ ನಡೆಯುತ್ತದೆ. ತಾಳ್ಮೆ ಬೇಕು, ಅಷ್ಟೇ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ದಾರಿ ಹಿಡಿಯಬೇಡಿ. ಅವರಿಗೆ ಒಂದು ಗುಳ್ಳೆಯೂ ಆಗಬಾರದು. ಪಟ್ಟಿ ಮೆತ್ತಗಾದ ಮೇಲೆಯೇ ಕಾಲಿಗೆ ಹಾಕಲಿ.

ಯಾವ ಎಣ್ಣೆಯೂ ಚಪ್ಪಲಿಯ ಉದ್ದ ಹೆಚ್ಚಿಸುವುದಿಲ್ಲ. ಸಡಿಲವಾಗುವುದು ಪಟ್ಟಿ, ಅಟ್ಟೆಯಲ್ಲ. ಆದ್ದರಿಂದ ಕೊಳ್ಳುವಾಗ ಹಿಮ್ಮಡಿ ಅಟ್ಟೆಯ ಮೇಲೆ ಪೂರ್ತಿ ಕೂರಬೇಕು, ಪಟ್ಟಿ ತುಸು ಬಿಗಿಯಾಗಿಯೇ ಇರಲಿ. ಅಂಗಡಿಯಲ್ಲೇ ಸಡಿಲ ಇರುವ ಪಟ್ಟಿ ಎಣ್ಣೆ ಕುಡಿದ ಮೇಲೆ ಜಾರುತ್ತದೆ.

ಇನ್ನೊಂದು ಮಾತು. ಇದೆಲ್ಲ ಅಸಲಿ ಚರ್ಮಕ್ಕೆ ಮಾತ್ರ. ಅದೇ ಆಕಾರದಲ್ಲಿ ರೆಕ್ಸಿನ್ ಚಪ್ಪಲಿಯೂ ಮಾರುತ್ತಾರೆ. ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಬಣ್ಣ ಗಾಢವಾಗಿ ನೀರು ಒಳಗೆ ಇಳಿದರೆ ಎಣ್ಣೆ ಹಚ್ಚಿ. ಹನಿ ಹಾಗೇ ಉರುಳಿ ಹೋದರೆ ಮೇಲೆ ಪಾಲಿಶ್ ಪದರ ಇದ್ದೀತು, ಪಟ್ಟಿಯ ಒಳಮೈಗೆ ಇನ್ನೊಂದು ಹನಿ ಬಿಡಿ. ಅಲ್ಲೂ ಇಳಿಯದಿದ್ದರೆ ಹರಳೆಣ್ಣೆ ದಂಡ.