ನೇಪಿಯರ್ ಹುಲ್ಲೋ, ಮೇವಿನ ಮೆಕ್ಕೆಜೋಳವೋ?

ಎರಡು ಹಸು, ಹತ್ತು ಗುಂಟೆ ಜಾಗ, ಬೋರ್‌ವೆಲ್ ನೀರು ಇದ್ದರೆ ನನ್ನ ಮತ ಸಿಒ-4 ತಳಿಯ ನೇಪಿಯರ್‌ಗೆ. ಕಾಂಡದ ತುಂಡು ಒಮ್ಮೆ ನೆಟ್ಟರೆ ಮೂರ್ನಾಲ್ಕು ವರ್ಷ ಮೇವು. ಮೊದಲ ಕಟಾವು ಸುಮಾರು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ತಡಮಾಡಿದರೆ ದಂಟು ಗಟ್ಟಿಯಾಗುತ್ತದೆ, ಹಸು ಎಲೆ ತಿಂದು ಉಳಿದದ್ದನ್ನು ತುಳಿಯುತ್ತದೆ. ಚಾಫ್ ಕಟರ್‌ನಲ್ಲಿ ಕತ್ತರಿಸಿ ಹಾಕಿದರೆ ಹಾಳಾಗುವುದು ಕಡಿಮೆ. ಒಂದು ತೊಡಕಿದೆ: ಇದರಲ್ಲಿರುವ ಆಕ್ಸಲೇಟ್ ಎಂಬ ಅಂಶದಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಖನಿಜ ಮಿಶ್ರಣ ಕೊಡಲೇಬೇಕು.

ಮಳೆಯನ್ನೇ ನಂಬಿದವರಿಗೆ ಆಫ್ರಿಕನ್ ಟಾಲ್ ಎಂಬ ತಳಿಯ ಮೇವಿನ ಮೆಕ್ಕೆಜೋಳ ವಾಸಿ. ಒಂದೇ ಕಟಾವು, ಪ್ರತಿ ಸಲ ಬೀಜದ ಖರ್ಚು, ನಿಜ. ಆದರೆ ಹಾಲುಗಾಳು ಗಟ್ಟಿಯಾಗುತ್ತಿರುವಾಗ ಕೊಯ್ದು ರಸಮೇವು (ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟು ಹುಳಿ ಬರಿಸಿದ ಹಸಿಮೇವು, ಸೈಲೇಜ್) ಮಾಡಿಟ್ಟರೆ ಬೇಸಿಗೆಯಲ್ಲಿ ಹುಲ್ಲಿಗೆ ಪರದಾಡುವುದು ತಪ್ಪುತ್ತದೆ, ಅಲ್ವಾ? ಸಾಲಿನ ನಡುವೆ ಅಲಸಂದೆ ಬಿತ್ತಿದರೆ ಪ್ರೋಟೀನೂ ಜಾಸ್ತಿ.