ಡೆಬಿಯನ್ 13: ಕೈಯಲ್ಲಿರುವ ಯಂತ್ರಕ್ಕೆ ಎಷ್ಟು ಒಗ್ಗುತ್ತದೆ?

‘ಟ್ರಿಕ್ಸಿ’ ಎಂಬ ಹೆಸರು ಹೊತ್ತ ಡೆಬಿಯನ್ 13 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಸುಮಾರು 70 ಸಾವಿರ ಪ್ಯಾಕೇಜುಗಳು, 6.12ನೇ ಸರಣಿಯ ಕರ್ನೆಲ್ (ಯಂತ್ರಾಂಶವನ್ನು ನಿಭಾಯಿಸುವ ತಿರುಳು ತಂತ್ರಾಂಶ), ಗ್ನೋಮ್ 48, ಕೆಡಿಇ ಪ್ಲಾಸ್ಮಾ 6.3 ಎಂಬ ಡೆಸ್ಕ್‌ಟಾಪ್ ಪರಿಸರಗಳು ಮೊದಲಾದ ವಿವರಗಳೆಲ್ಲ ಬಿಡುಗಡೆಯ ಪ್ರಕಟಣೆಯಲ್ಲೇ ಸಿಗುವುದರಿಂದ ಅವನ್ನು ಇಲ್ಲಿ ಮತ್ತೆ ಪಟ್ಟಿ ಮಾಡುವ ಅಗತ್ಯವಿಲ್ಲ. ಲಿನಕ್ಸ್ ಹಾಕಿಕೊಳ್ಳಬೇಕೆಂದಿರುವವರು ಮೊದಲು ಕೇಳುವುದೇ ಬೇರೆ: ವೈಫೈ ಬರುತ್ತದೆಯೇ, ಪರದೆ ಸರಿಯಾಗಿ ಕಾಣುತ್ತದೆಯೇ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ನಿದ್ದೆಯಿಂದ ಏಳುತ್ತದೆಯೇ? ಈ ವಿಮರ್ಶೆಯೂ ಆ ಪ್ರಶ್ನೆಗಳಿಗೇ ಸೀಮಿತ. ಹಳೆಯ ಲ್ಯಾಪ್‌ಟಾಪೊಂದರಲ್ಲೂ ಇತ್ತೀಚಿನ ಡೆಸ್ಕ್‌ಟಾಪೊಂದರಲ್ಲೂ ಇದನ್ನು ಹಾಕಿ, ದಿನನಿತ್ಯದ ಕೆಲಸಕ್ಕೆ ಬಳಸಿದ ಮೇಲೆ ನನಗೆ ಸ್ಪಷ್ಟವಾದದ್ದೇನೆಂದರೆ, ಯಂತ್ರದ ವಯಸ್ಸಿಗಿಂತ ಹೆಚ್ಚಾಗಿ ಅದರೊಳಗಿನ ಒಂದೊಂದು ಚಿಪ್ಪಿನ ತಯಾರಕರು ತಮ್ಮ ಕೆಲಸವನ್ನು ಎಷ್ಟರಮಟ್ಟಿಗೆ ಬಿಚ್ಚಿಟ್ಟಿದ್ದಾರೆ ಎಂಬುದೇ ಅನುಭವವನ್ನು ನಿರ್ಧರಿಸುತ್ತದೆ.

ಡೆಬಿಯನ್ನಿನ ಹಳೆಯ ಬಳಕೆದಾರರಿಗೆ ಅನುಸ್ಥಾಪನೆಯ ಒಂದು ಪೇಚಾಟ ಚೆನ್ನಾಗಿ ನೆನಪಿರುತ್ತದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ಒಂದಿಷ್ಟು ಮುಂದೆ ಹೋಗುತ್ತಿದ್ದಂತೆ, ವೈಫೈ ಕಾರ್ಡಿಗೆ ಫರ್ಮ್‌ವೇರ್ (ಚಿಪ್ಪಿನೊಳಗೇ ನಡೆಯುವ ತಂತ್ರಾಂಶ) ಕಡತ ಬೇಕೆಂಬ ಸೂಚನೆ ಬರುತ್ತಿತ್ತು. ಆ ಕಡತವನ್ನು ಅಂತರಜಾಲದಿಂದ ಇಳಿಸಿಕೊಳ್ಳಬೇಕು, ಅಂತರಜಾಲಕ್ಕೆ ವೈಫೈ ಬೇಕು, ವೈಫೈಗೆ ಅದೇ ಕಡತ ಬೇಕು! ಇದರ ಹಿಂದೆ ಇದ್ದದ್ದು ತಾಂತ್ರಿಕ ಅಡ್ಡಿಯಲ್ಲ, ತತ್ತ್ವ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ, ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಸಿಗದ ಯಾವ ತಂತ್ರಾಂಶವನ್ನೂ ತನ್ನ ಮುಖ್ಯ ವ್ಯವಸ್ಥೆಯ ಭಾಗವೆಂದು ಒಪ್ಪಿಕೊಂಡಿಲ್ಲ. ಫರ್ಮ್‌ವೇರ್ ಕಡತಗಳಲ್ಲಿ ಬಹುಪಾಲು ಅಂಥವೇ ಆಗಿದ್ದರಿಂದ ಅವು ಅಧಿಕೃತ ಅನುಸ್ಥಾಪನಾ ಕಡತದ ಹೊರಗೇ ಉಳಿದಿದ್ದವು. 2022ರಲ್ಲಿ ಯೋಜನೆಯ ಸದಸ್ಯರು ಮತ ಹಾಕಿ ಈ ನಿಯಮವನ್ನು ಸಡಿಲಿಸಿದರು. ಅದರಂತೆ 2023ರ ಡೆಬಿಯನ್ 12ರಿಂದ ಫರ್ಮ್‌ವೇರಿಗೆಂದೇ ಪ್ರತ್ಯೇಕ ವಿಭಾಗವೊಂದು ಹುಟ್ಟಿಕೊಂಡು, ಯಂತ್ರಕ್ಕೆ ಬೇಕಾದುದನ್ನು ಅನುಸ್ಥಾಪಕವೇ ಗುರುತಿಸಿ ಹಾಕತೊಡಗಿತು. 13ರಲ್ಲಿಯೂ ಅದೇ ವ್ಯವಸ್ಥೆ ಮುಂದುವರಿದಿದೆ. ನನ್ನ ಎರಡೂ ಯಂತ್ರಗಳಲ್ಲಿ ಒಂದೇ ಒಂದು ಕಡತವನ್ನೂ ಬೇರೆಡೆಯಿಂದ ತರಬೇಕಾಗಲಿಲ್ಲ.

ಶುದ್ಧ ಮುಕ್ತ ತಂತ್ರಾಂಶವನ್ನೇ ಬಯಸುವವರಲ್ಲಿ ಕೆಲವರಿಗೆ ಈ ತೀರ್ಮಾನ ರುಚಿಸಿಲ್ಲ. ಅವರ ಆಕ್ಷೇಪಕ್ಕೆ ಬೆಲೆಯಿದೆ, ಆದರೂ ನನ್ನ ಒಲವು ತೀರ್ಮಾನದ ಕಡೆಗೇ ಇದೆ. ಚಿಪ್ಪಿನೊಳಗೇ ಬರೆದಿಟ್ಟ ಫರ್ಮ್‌ವೇರ್ ಎಷ್ಟು ಮುಚ್ಚಿದ್ದೋ ಡಿಸ್ಕಿನಿಂದ ತುಂಬಿಸುವ ಫರ್ಮ್‌ವೇರ್ ಕೂಡ ಅಷ್ಟೇ ಮುಚ್ಚಿದ್ದು. ಮೊದಲನೆಯದು ಕಣ್ಣಿಗೆ ಬೀಳುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿ ಎರಡನೆಯದನ್ನು ತಿರಸ್ಕರಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ. ಬೇಡವೆನ್ನುವವರು ಬೂಟ್ ಆಗುವಾಗಲೇ ಒಂದು ಆಯ್ಕೆಯನ್ನು ಬರೆದು ಇದನ್ನು ಪೂರ್ತಿಯಾಗಿ ತಡೆಯಬಹುದು ಎಂಬುದನ್ನೂ ಹೇಳಬೇಕು.

ಅನುಸ್ಥಾಪಕದ ಮೇಲೆ ನನಗಿರುವ ತಕರಾರು ಬೇರೆಯದು. ನಿರ್ವಾಹಕ ಖಾತೆಯಾದ ರೂಟ್‌ಗೆ ಗುಪ್ತಪದ ಕೊಡುವ ಪುಟದಲ್ಲಿ ಹೊಸಬರು ಸಹಜವಾಗಿ ಒಂದು ಗುಪ್ತಪದ ಬರೆಯುತ್ತಾರೆ. ಬರೆದರೆ ಅವರ ಸ್ವಂತ ಖಾತೆಗೆ ನಿರ್ವಾಹಕರ ಹಕ್ಕಿನಿಂದ ಆದೇಶ ನಡೆಸುವ ಸುಡೋ ಬಳಸುವ ಅಧಿಕಾರ ಸಿಗುವುದಿಲ್ಲ. ಖಾಲಿ ಬಿಟ್ಟರೆ ಮಾತ್ರ ಸಿಗುತ್ತದೆ. ಈ ಮಾತು ಆ ಪುಟದ ವಿವರಣೆಯಲ್ಲಿ ಇದೆ ನಿಜ, ಆದರೆ ಅಷ್ಟುದ್ದದ ವಿವರಣೆಯನ್ನು ಓದುವ ತಾಳ್ಮೆ ಆ ಗಳಿಗೆಯಲ್ಲಿ ಯಾರಿಗಿರುತ್ತದೆ? ಎರಡು ಗುಂಡಿಗಳಲ್ಲಿ ಮುಗಿಯಬಹುದಾದ ಪ್ರಶ್ನೆಯನ್ನು ವರ್ಷಾನುಗಟ್ಟಲೆ ಹೀಗೇ ಉಳಿಸಿಕೊಂಡಿರುವುದು ಬರೀ ಹಟಮಾರಿತನ.

ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆದು ಪಿಸಿಐ ಸಾಧನಗಳ ಪಟ್ಟಿ ತೆಗೆದರೆ, ಪ್ರತಿ ಸಾಧನದ ಕೆಳಗೆ ಯಾವ ಡ್ರೈವರ್ (ಆ ಸಾಧನವನ್ನು ನಡೆಸುವ ತಂತ್ರಾಂಶ) ಬಳಕೆಯಲ್ಲಿದೆ ಎಂಬ ಸಾಲು ಕಾಣಿಸುತ್ತದೆ. ವೈಫೈ ಕಾರ್ಡಿನ ಕೆಳಗೆ ‘ಎಟಿಎಚ್9ಕೆ’ ಎಂದಿತ್ತು. ಇದು ಅಥೆರಾಸ್ ಕಂಪನಿ 2008ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಡ್ರೈವರ್. ಈ ಜಾತಿಯ ಪಿಸಿಐ ಕಾರ್ಡುಗಳಿಗೆ ಡಿಸ್ಕಿನಿಂದ ಫರ್ಮ್‌ವೇರನ್ನೂ ತುಂಬಿಸಬೇಕಾಗಿಲ್ಲ. ಕಂಪನಿ ಬೇರೆಯವರ ಕೈಸೇರಿ, ಕಾರ್ಡು ಮಾರುಕಟ್ಟೆಯಿಂದ ಮರೆಯಾದರೂ ಡ್ರೈವರ್ ಕರ್ನೆಲಿನೊಳಗೇ ಇರುವುದರಿಂದ, ಕರ್ನೆಲಿನ ಒಳರಚನೆ ಬದಲಾದಾಗಲೆಲ್ಲ ಬದಲಿಸಿದವರೇ ಇದನ್ನೂ ತಿದ್ದುತ್ತ ಬಂದಿದ್ದಾರೆ. ಡೆಸ್ಕ್‌ಟಾಪಿನ ಇಂಟೆಲ್ ಕಾರ್ಡಿಗೆ ಮುಕ್ತ ಡ್ರೈವರಿನ ಜೊತೆ ಮುಚ್ಚಿದ ಫರ್ಮ್‌ವೇರ್ ಬೇಕು. ಬಳಸುವವರ ಕಣ್ಣಿಗೆ ಎರಡರಲ್ಲೂ ವ್ಯತ್ಯಾಸ ಕಾಣದು, ಎರಡೂ ಮೊದಲ ಬೂಟಿನಲ್ಲೇ ಸಂಪರ್ಕ ಹಿಡಿದವು.

ವ್ಯತ್ಯಾಸ ಎದ್ದು ಕಾಣುವುದು ಗ್ರಾಫಿಕ್ಸ್ ಕಾರ್ಡುಗಳಲ್ಲಿ. ಎಎಂಡಿ 2007ರಲ್ಲಿ ತನ್ನ ಚಿಪ್ಪುಗಳ ತಾಂತ್ರಿಕ ದಾಖಲೆಗಳನ್ನು ಹೊರಗಿಡಲು ಆರಂಭಿಸಿದ್ದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇವೆ: ಹಳೆಯ ರೇಡಿಯಾನ್ ಕಾರ್ಡುಗಳೂ ಹೊಸವೂ ಡೆಬಿಯನ್ 13ರಲ್ಲಿ ಏನೂ ಮಾಡದೆಯೇ ನಡೆಯುತ್ತವೆ. ಎನ್‌ವಿಡಿಯಾದ ಹಾದಿ ಬೇರೆ. ಅದರ ಸ್ವಂತ ಡ್ರೈವರ್ ಬಹುಕಾಲ ಪೂರ್ತಿ ಮುಚ್ಚಿದ್ದಾಗಿತ್ತು. 2022ರ ಮೇ ತಿಂಗಳಲ್ಲಿ ಕರ್ನೆಲ್ ಭಾಗದ ಸೋರ್ಸ್ ಕೋಡನ್ನು ಪ್ರಕಟಿಸಿತಾದರೂ ಅದು ಟ್ಯೂರಿಂಗ್ ಪೀಳಿಗೆ ಮತ್ತು ಅದರ ನಂತರದ ಕಾರ್ಡುಗಳಿಗೆ ಮಾತ್ರ. ಹಳೆಯ ಕಾರ್ಡುಗಳಿಗೆ ಕಂಪನಿ ಬೆಂಬಲ ನಿಲ್ಲಿಸಿದ ಮೇಲೆ ಉಳಿಯುವುದು, ಸ್ವಯಂಸೇವಕರು ಚಿಪ್ಪಿನ ವರ್ತನೆಯನ್ನು ಹೊರಗಿನಿಂದಲೇ ಅಭ್ಯಾಸ ಮಾಡಿ ಬರೆದ ನೂವೋ ಡ್ರೈವರ್. ಪರದೆ ತೋರಿಸುವ ಕೆಲಸಕ್ಕೆ ಅದು ಸಾಕು. ಆದರೆ ಮ್ಯಾಕ್ಸ್‌ವೆಲ್ ಎರಡನೆಯ ಪೀಳಿಗೆ ಮತ್ತು ಪ್ಯಾಸ್ಕಲ್ ಕಾರ್ಡುಗಳಲ್ಲಿ ಕಂಪನಿಯ ಡಿಜಿಟಲ್ ಸಹಿಯಿಲ್ಲದ ಫರ್ಮ್‌ವೇರಿಗೆ ಚಿಪ್ಪಿನ ವೇಗವನ್ನು ಏರಿಸುವ ಅನುಮತಿಯೇ ಇಲ್ಲ. ಹೀಗಾಗಿ ನೂವೋ ಇವುಗಳನ್ನು ಬೂಟ್ ಆದಾಗಿನ ತಗ್ಗಿದ ವೇಗದಲ್ಲೇ ನಡೆಸಬೇಕು. ಒಳ್ಳೆಯ ಬೆಲೆ ಕೊಟ್ಟು ಕೊಂಡ ಕಾರ್ಡು ಹೀಗೆ ಕುಂಟುವುದಕ್ಕೆ ಡೆಬಿಯನ್ನನ್ನು ದೂರುವುದು ನ್ಯಾಯವಲ್ಲ, ಆದರೂ ಇಂಥ ಕಾರ್ಡು ಇರುವವರು ಅನುಸ್ಥಾಪನೆಗೆ ಮೊದಲೇ ಇದನ್ನು ತಿಳಿದಿರಬೇಕು.

ಮುದ್ರಕದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಜಾಲದಲ್ಲಿರುವ ಹೊಸ ಮುದ್ರಕಗಳನ್ನು ಪ್ರತ್ಯೇಕ ಡ್ರೈವರಿನ ಹಂಗಿಲ್ಲದೆ ಗುರುತಿಸುತ್ತದೆ. ಎಂಐಟಿಯ ಪ್ರಯೋಗಾಲಯದಲ್ಲಿದ್ದ ಜೆರಾಕ್ಸ್ ಮುದ್ರಕವೊಂದರ ಸೋರ್ಸ್ ಕೋಡ್ ಸಿಗದೆ ಹೋದದ್ದು ರಿಚರ್ಡ್ ಸ್ಟಾಲ್‌ಮನ್ ಅವರನ್ನು 1983ರ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯತ್ತ ನೂಕಿದ ಕಾರಣಗಳಲ್ಲಿ ಒಂದು ಎಂಬುದನ್ನು ಬಲ್ಲವರಿಗೆ, ಇಂದು ಎಲ್ಲಕ್ಕಿಂತ ಕಡಿಮೆ ಕಾಟ ಕೊಡುವ ಸಾಧನ ಮುದ್ರಕವೇ ಆಗಿರುವುದು ತಮಾಷೆಯಾಗಿ ಕಂಡೀತು. ಲ್ಯಾಪ್‌ಟಾಪಿನ ಬೆರಳಚ್ಚು ಸಂವೇದಕ ಮಾತ್ರ ಸತ್ತಂತೆ ಬಿದ್ದಿದೆ. ಅದರ ತಯಾರಕರು ದಾಖಲೆಯನ್ನೂ ಕೊಟ್ಟಿಲ್ಲ, ಡ್ರೈವರನ್ನೂ ಕೊಟ್ಟಿಲ್ಲ.

ನಿದ್ದೆಯಿಂದ ಏಳುವುದರಲ್ಲಿ ಎರಡೂ ಯಂತ್ರಗಳು ತೊಂದರೆ ಕೊಡಲಿಲ್ಲ. ಮೆಮೊರಿ ಕಡಿಮೆಯಿರುವವರು ಎಚ್ಚರ ವಹಿಸಬೇಕಾದ ಬದಲಾವಣೆಯೊಂದು ಈ ಆವೃತ್ತಿಯಲ್ಲಿದೆ: ತಾತ್ಕಾಲಿಕ ಕಡತಗಳ ಟೆಂಪ್ ಕಡತಕೋಶ ಈಗ ಡಿಸ್ಕಿನ ಬದಲು ಮೆಮೊರಿಯಲ್ಲೇ ಕೂರುತ್ತದೆ ಮತ್ತು ಮೆಮೊರಿಯ ಅರ್ಧದಷ್ಟನ್ನು ಬಳಸಿಕೊಳ್ಳಬಲ್ಲದು. 4 ಜಿಬಿ ಇರುವ ಯಂತ್ರದಲ್ಲಿ ದೊಡ್ಡ ವಿಡಿಯೊ ಪರಿವರ್ತನೆಗೋ ಕಂಪೈಲಿಗೋ ಕೂತರೆ ಇದರ ಬಿಸಿ ತಟ್ಟುತ್ತದೆ. ವ್ಯವಸ್ಥೆಯ ಸೇವೆಗಳನ್ನು ನಿಭಾಯಿಸುವ ಸಿಸ್ಟಮ್‌ಡಿಯ ಒಂದೇ ಆದೇಶದಿಂದ ಇದನ್ನು ಹಿಂದಿನಂತೆ ಮಾಡಿಕೊಳ್ಳಬಹುದು. ಅಂಥ ಯಂತ್ರಗಳಲ್ಲಿ ಗ್ನೋಮ್ ಬದಲು ಹಗುರವಾದ ಎಕ್ಸ್‌ಎಫ್‌ಸಿಇ 4.20 ಆರಿಸಿಕೊಳ್ಳುವುದೂ ಒಳ್ಳೆಯದು. ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಎಪಿಟಿ 3.0, ಸೇರಿಸಬೇಕಾದ ಪ್ಯಾಕೇಜುಗಳನ್ನು ಹಸಿರಿನಲ್ಲೂ ತೆಗೆಯುವುದನ್ನು ಕೆಂಪಿನಲ್ಲೂ ಅಂಕಣ ಮಾಡಿ ತೋರಿಸುತ್ತದೆ. ಸಣ್ಣ ಸಂಗತಿಯೇ ಸರಿ, ಆದರೆ ಬೇಕಾದ ಪ್ಯಾಕೇಜೊಂದು ಕೆಂಪು ಸಾಲಿನಲ್ಲಿ ಕಂಡಾಗ ಎಂಟರ್ ಒತ್ತುವ ಮುನ್ನ ಕೈ ತಾನಾಗಿ ನಿಲ್ಲುತ್ತದೆ.

ಈ ಆವೃತ್ತಿಯ ಅತಿ ಕಠಿಣ ನಿರ್ಧಾರ 32 ಬಿಟ್‌ಗೆ ಸಂಬಂಧಿಸಿದ್ದು. 32 ಬಿಟ್ ಇಂಟೆಲ್ ಮಾದರಿಯ ಚಿಪ್ಪುಗಳಿಗೆಂದಿರುವ ಐ386 ವಿಭಾಗಕ್ಕೆ ಇನ್ನು ಅಧಿಕೃತ ಕರ್ನೆಲೂ ಇಲ್ಲ, ಅನುಸ್ಥಾಪಕವೂ ಇಲ್ಲ. 64 ಬಿಟ್ ಯಂತ್ರದಲ್ಲಿ ಹಳೆಯ 32 ಬಿಟ್ ತಂತ್ರಾಂಶ ನಡೆಸುವವರಿಗೆಂದು ಮಾತ್ರ ಅದನ್ನು ಉಳಿಸಿಕೊಳ್ಳಲಾಗಿದೆ. 2038ರ ಜನವರಿ 19ರಂದು 32 ಬಿಟ್‌ನ ಕಾಲಗಣನೆ ಉಕ್ಕಿ ಹರಿಯುವ ಸಮಸ್ಯೆಗೆ ಉಳಿದ ವಿಭಾಗಗಳಲ್ಲಿ ಪರಿಹಾರ ತಂದಿದ್ದರೂ, ಹಳೆಯ ತಂತ್ರಾಂಶಗಳ ಹೊಂದಾಣಿಕೆ ಕೆಡಬಾರದೆಂದು ಐ386 ಅನ್ನು ಅದರಿಂದ ಹೊರಗಿಟ್ಟಿರುವುದು ಈ ಉದ್ದೇಶಕ್ಕೆ ತಕ್ಕುದಾಗಿಯೇ ಇದೆ. ಇತಿಹಾಸ ಬಲ್ಲವರಿಗೆ ಇದು ಹೊಸತಲ್ಲ. 1991ರ ಆಗಸ್ಟಿನಲ್ಲಿ ಲಿನಕ್ಸ್ ಕರ್ನೆಲಿನ ಜನಕ ಲಿನಸ್ ಟೊರ್ವಾಲ್ಡ್ಸ್, ಇಂಟೆಲಿನ 386 ಚಿಪ್ಪಿನ ಯಂತ್ರಕ್ಕೆಂದು ಹವ್ಯಾಸವಾಗಿ ಬರೆದ ಆ ಕರ್ನೆಲನ್ನು ಪ್ರಕಟಿಸುವಾಗ, ತಮ್ಮ ಬಳಿ ಇರುವ ಎಟಿ ಡಿಸ್ಕನ್ನು ಬಿಟ್ಟು ಬೇರೇನನ್ನೂ ಅದು ಬಹುಶಃ ಬೆಂಬಲಿಸಲಾರದು ಎಂದಿದ್ದರು. ಕರ್ನೆಲ್ ಹುಟ್ಟಿದ ಆ 386ರ ಬೆಂಬಲವನ್ನೇ 2013ರ 3.8ನೇ ಆವೃತ್ತಿಯಲ್ಲಿ ಕೈಬಿಡಲಾಯಿತು. ಆದರೆ ಆಗ ನಿಜವಾಗಿ ಬಳಕೆಯಲ್ಲಿದ್ದ 386 ಯಂತ್ರಗಳು ತೀರ ವಿರಳ. ಈಗ ಹೊರಗುಳಿಯುತ್ತಿರುವುದರಲ್ಲಿ ಆಟಮ್ ಎನ್270 ಚಿಪ್ಪಿನ 2008ರ ಸುಮಾರಿನ ನೆಟ್‌ಬುಕ್ಕುಗಳೂ ಸೇರಿವೆ. ಅಕ್ಷರ ಬರೆಯಲು, ಪತ್ರ ಓದಲು ಅವು ಇನ್ನೂ ಸಾಕು. ನಿರ್ವಹಿಸುವ ಸ್ವಯಂಸೇವಕರಿಲ್ಲದೆ ವಿಭಾಗ ಉಳಿಯದು ಎಂಬುದು ಅರ್ಥವಾಗುತ್ತದೆ, ಒಪ್ಪಿಕೊಳ್ಳಲು ಮಾತ್ರ ಕಷ್ಟ. ಅಂಥ ಯಂತ್ರ ಇರುವವರು ಡೆಬಿಯನ್ 12ರಲ್ಲೇ ಇರಬಹುದು. ಅದಕ್ಕೆ ದೀರ್ಘಕಾಲೀನ ಬೆಂಬಲ 2028ರ ಜೂನ್‌ವರೆಗೆ ಇದೆ.

ಇತ್ತೀಚೆಗಷ್ಟೇ ಮಾರುಕಟ್ಟೆಗೆ ಬಂದ ಯಂತ್ರ ಕೊಂಡವರ ಸಮಸ್ಯೆ ಇದಕ್ಕೆ ತದ್ವಿರುದ್ಧ. ಸ್ಥಿರ ಆವೃತ್ತಿಯ ಕರ್ನೆಲ್ 6.12ನೇ ಸರಣಿಯಲ್ಲೇ ನಿಲ್ಲುವುದರಿಂದ, ಅದರ ನಂತರ ಹುಟ್ಟಿದ ಚಿಪ್ಪುಗಳಿಗೆ ಅದರಲ್ಲಿ ಡ್ರೈವರ್ ಇರುವುದಿಲ್ಲ. ಅವರಿಗೆ ದಾರಿ ಬ್ಯಾಕ್‌ಪೋರ್ಟ್ಸ್ ಭಂಡಾರ: ಮುಂದಿನ ಆವೃತ್ತಿಗೆ ಸಿದ್ಧವಾಗುತ್ತಿರುವ ಕರ್ನೆಲನ್ನು ಸ್ಥಿರ ಆವೃತ್ತಿಗೆ ಹೊಂದಿಸಿ ಅಲ್ಲಿ ಇಡಲಾಗುತ್ತದೆ. ಆ ಭಂಡಾರದ ಪ್ಯಾಕೇಜುಗಳಿಗೆ ಮುಖ್ಯ ಭಂಡಾರಕ್ಕಿರುವಷ್ಟು ಭದ್ರತಾ ಕಾವಲು ಇಲ್ಲದ ಕಾರಣ, ಕರ್ನೆಲ್ ಮತ್ತು ಫರ್ಮ್‌ವೇರನ್ನು ಮಾತ್ರ ಅಲ್ಲಿಂದ ತೆಗೆದುಕೊಂಡು ಉಳಿದುದನ್ನೆಲ್ಲ ಮುಖ್ಯ ಭಂಡಾರಕ್ಕೇ ಬಿಡುವುದು ಲೇಸು.