ಮಿನುಗಿಲ್ಲದ ತಂತಿ: ಡಡಾರಿಯೊ ಕ್ರೋಮ್ಸ್ ಜೊತೆ ಐದು ತಿಂಗಳು

ಗಣಪತಿ ಪೆಂಡಾಲಿನಲ್ಲಿ ನಡೆದ ಕಾರ್ಯಕ್ರಮದ ವಿಡಿಯೊವನ್ನು ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಎರಡು ಹಾಡು ನೋಡಿದರು. "ಎಲ್ಲರೂ ನುಡಿಸ್ತಿದ್ದಾರೆ, ನೀನ್ಯಾಕೆ ಸುಮ್ನೆ ನಿಂತಿದ್ದೀಯೇ?" ಅಂದರು.

ಸುಮ್ನೆ ನಿಂತಿರಲಿಲ್ಲ. ಬೆವರು ಸುರಿಸಿಕೊಂಡು ನುಡಿಸುತ್ತಿದ್ದೆ. ಫೋನಿನಲ್ಲಿ ಕೇಳಿಸಲಿಲ್ಲ, ಅಷ್ಟೇ. ಅದಕ್ಕೆ ಕಾರಣ ಜೂನ್‌ನಲ್ಲಿ ನನ್ನ ಬೇಸ್ ಗಿಟಾರಿಗೆ, ಅಂದರೆ ಹಾಡಿನ ತಳದ ದನಿ ನುಡಿಸುವ ಗಿಟಾರಿಗೆ, ಹಾಕಿದ ಹೊಸ ತಂತಿ. ಡಡಾರಿಯೊ ಕಂಪನಿಯ ಕ್ರೋಮ್ಸ್, ಇಸಿಬಿ81 ಸೆಟ್. ನಾಲ್ಕು ತಂತಿ, ದಪ್ಪ 45, 65, 80, 100. ಇದು ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ.

ಮಾಮೂಲಿ ಬೇಸ್ ತಂತಿಗೆ ಮೇಲೆ ದುಂಡು ಕಂಬಿ ಸುತ್ತಿರುತ್ತಾರೆ. ಉಗುರು ಎಳೆದರೆ ಕರ್ ಅನ್ನುತ್ತದೆ. ಕ್ರೋಮ್ಸ್‌ಗೆ ಸುತ್ತಿರುವುದು ಚಪ್ಪಟೆ ಪಟ್ಟಿ, ಅದನ್ನೂ ಉಜ್ಜಿ ನುಣುಪು ಮಾಡಿದ್ದಾರೆ. ಸ್ಟೀಲ್ ಚಮಚದ ಹಿಡಿ ಸವರಿದ ಹಾಗಿರುತ್ತದೆ. ಇಂಥ ತಂತಿಗೆ ಫ್ಲಾಟ್‌ವೂಂಡ್ ಅನ್ನುತ್ತಾರೆ. ನಮ್ಮ ಆರ್ಕೆಸ್ಟ್ರಾ ಹುಡುಗರ ಬಾಯಲ್ಲಿ ಬರೀ ಫ್ಲಾಟ್ಸ್.

ನಾನು ಮೈಸೂರಿನವಳು. ವಾರವೆಲ್ಲ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ, ರಜೆ ಬಂದರೆ ತಮ್ಮನ ಆರ್ಕೆಸ್ಟ್ರಾ. ಬೇಸ್‌ಗೆ ಅಂತಲೇ ಒಬ್ಬರನ್ನು ಇಟ್ಟುಕೊಂಡಿರುವ ಆರ್ಕೆಸ್ಟ್ರಾಗಳು ಈಗ ಕಡಿಮೆ. ಕೀಬೋರ್ಡ್‌ನವರು ಎಡಗೈಯಲ್ಲೇ ಆ ಕೆಲಸ ಮುಗಿಸಿಬಿಡುತ್ತಾರೆ, ಒಬ್ಬರ ಸಂಭಾವನೆ ಉಳಿಯಿತು. ತಮ್ಮ ನನ್ನನ್ನು ಇಟ್ಟುಕೊಂಡಿರುವುದು ಬೇಸ್ ಬೇಕು ಅಂತಲೋ, ಅಕ್ಕ ದುಡ್ಡು ಕೇಳಲ್ಲ ಅಂತಲೋ, ನಾನು ವಿಚಾರಿಸಲು ಹೋಗಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್ ಸ್ಕ್ವಯರ್ ಪ್ರಿಸಿಷನ್ ಬೇಸ್. ಒಂದು ವಾಲ್ಯೂಮ್ ಗುಂಡಿ, ಒಂದು ಟೋನ್ ಗುಂಡಿ, ಅಷ್ಟೇ. ತಿರುಗಿಸಲು ಬೇರೇನೂ ಇಲ್ಲದಿರುವುದೇ ಅದರ ಸುಖ.

ತಂತಿ ಬದಲಿಸುವ ಹುಚ್ಚು ಹಿಡಿದದ್ದು ಕುಕ್ಕರಹಳ್ಳಿ ಕೆರೆ ಸುತ್ತುವಾಗ. ಬೆಳಗಿನ ವಾಕಿಂಗ್‌ನಲ್ಲಿ ಈ ವರ್ಷ ಪೂರ್ತಿ ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳನ್ನೇ ಕೇಳುತ್ತಿದ್ದೇನೆ. 1960ರ ದಶಕದ ಡೆಟ್ರಾಯಿಟ್ ಊರಿನ ಹಾಡುಗಳು. ಅವುಗಳಲ್ಲಿ ಎಷ್ಟೋ ಹಾಡಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರು. ಅವರ 1962ರ ಫೆಂಡರ್ ಪ್ರಿಸಿಷನ್ ಬೇಸ್‌ಗೆ ಇದ್ದದ್ದು ದಪ್ಪ ಫ್ಲಾಟ್ಸ್, ಲಾ ಬೆಲ್ಲಾ ಕಂಪನಿಯವು. ತುಂಡಾದರೆ ಮಾತ್ರ ಬದಲಿಸುತ್ತಿದ್ದರಂತೆ. ಆಗ ಬೇಸ್ ತಂತಿ ಅಂದರೆ ಹೆಚ್ಚಾಗಿ ಚಪ್ಪಟೆಯದೇ. 1966ರ ಸುಮಾರಿಗೆ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯವರು ದಿ ಹೂ ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್ ಜೊತೆ ಕೂತು ದುಂಡು ಸುತ್ತಿನ ತಂತಿಯನ್ನು ತಿದ್ದಿ ತೀಡಿದ ಮೇಲೆ ಪಿಯಾನೊ ಥರದ ಝಣಝಣ ಎಲ್ಲರಿಗೂ ರುಚಿಸಿತು. ನಾನು ಬೇಸ್ ಕಲಿತದ್ದೂ ಆ ಝಣಝಣದಲ್ಲೇ. ಈಗ ಅದು ಸ್ವಲ್ಪ ಸಾಕಾಗಿತ್ತು.

ಮೊದಲ ಸೆಟ್ ನಕಲಿ ಬಂತು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಅರ್ಧ ಬೆಲೆಗೆ ಕೊಡುತ್ತಿದ್ದ, ಆಸೆಗೆ ಬಿದ್ದೆ. ಕವರ್ ಚೆನ್ನಾಗೇ ಇತ್ತು. ಕೈಯಲ್ಲಿ ಸವರಿದರೆ ತಂತಿಯ ಮೇಲೆ ಗೆರೆ ಗೆರೆ. ಚಪ್ಪಟೆ ತಂತಿಗೆ ಗೆರೆ ಎಲ್ಲಿಂದ ಬರಬೇಕು? ವಾಪಸ್ ಕಳಿಸಿ, ಗುರುತಿನ ಅಂಗಡಿಯಿಂದ ಸರಿಯಾದ ಸೆಟ್ ತರಿಸಿದೆ. ನಾಲ್ಕು ಸಾವಿರದ ಹತ್ತಿರ ಆಯಿತು. ನಾನು ಮೊದಲು ಹಾಕುತ್ತಿದ್ದ ದುಂಡು ತಂತಿಗೆ ಇದರ ಅರ್ಧ ಸಾಕಿತ್ತು. ಆದರೆ ಅದು ಆರೇಳು ತಿಂಗಳಿಗೆ ಸತ್ತುಹೋಗುತ್ತಿತ್ತು. ಸುತ್ತುಗಳ ಸಂದಿಯಲ್ಲಿ ಕೈಯ ಎಣ್ಣೆ, ಬೆವರು, ಕೊಳೆ ಸೇರುತ್ತದೆ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿದರೆ ಕೊಳೆ ಬಿಟ್ಟು ಸ್ವಲ್ಪ ದಿನ ಜೀವ ಬರುತ್ತದೆ. ಒಮ್ಮೆ ಹಾಗೆ ಕುದಿಯಲು ಇಟ್ಟಾಗ ಅಮ್ಮ ಸಾರು ಅಂದುಕೊಂಡು ಮುಚ್ಚಳ ತೆಗೆದಿದ್ದರು. ಆ ಪಾತ್ರೆ ಈಗ ನನ್ನದೇ, ಅಡುಗೆಮನೆಗೆ ಮತ್ತೆ ಸೇರಿಸಿಲ್ಲ.

ಫ್ಲಾಟ್ಸ್‌ಗೆ ಸಂದಿ ಕಡಿಮೆ. ಕೊಳೆ ನಿಲ್ಲುವುದಿಲ್ಲ. ವರ್ಷಗಟ್ಟಲೆ ಬರುತ್ತದೆ, ಹಳತಾದಷ್ಟೂ ಚೆಂದ ಅನ್ನುವವರೂ ಇದ್ದಾರೆ. ಹಾಗಾಗಿ ಬೆಲೆ ನೋಡಿ ಹೆದರಬೇಡಿ.

ಹಾಕುವಾಗ ಒಂದು ಎಚ್ಚರ. ಉದ್ದ ಜಾಸ್ತಿ ಅಂತ ನೇರವಾಗಿ ಕತ್ತರಿಸಬೇಡಿ. ಮೊದಲು ಇಕ್ಕಳದಲ್ಲಿ ಚೂಪಾಗಿ ಬಗ್ಗಿಸಿ, ಆ ಬಾಗಿನಿಂದ ಆಚೆಗೆ ಕತ್ತರಿಸಿ. ಇಲ್ಲದಿದ್ದರೆ ಒಳಗಿನ ಕಂಬಿಯ ಮೇಲೆ ಪಟ್ಟಿ ಸಡಿಲವಾಗಿ, ತಂತಿ ಹಾಕಿದ ದಿನವೇ ಹಾಳಾಗಬಹುದು. ಇನ್ನು ಬಿಗಿ. ಇವು ನನ್ನ ಹಳೆ ತಂತಿಗಿಂತ ಗಟ್ಟಿಯಾಗಿ ಎಳೆಯುತ್ತವೆ. ರಾತ್ರಿ ಹಾಕಿ ಶ್ರುತಿ ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗಿಟಾರಿನ ಕತ್ತು ಕೊಂಚ ಮುಂದಕ್ಕೆ ಬಾಗಿ, ಕತ್ತಿನ ಮೇಲಿನ ಹನ್ನೆರಡನೇ ಅಡ್ಡ ಕಂಬಿ, ಅಂದರೆ ಫ್ರೆಟ್ಟಿನ ಹತ್ತಿರ ತಂತಿ ಮೇಲೆದ್ದಿತ್ತು. ಅಲೆನ್ ಕೀಯಿಂದ ಕತ್ತಿನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ಬಿಗಿ ಮಾಡಿದೆ, ಸರಿಹೋಯಿತು. ರಿಪೇರಿ ಕೆಲಸ ನನಗೆ ಹವ್ಯಾಸ, ಅದಕ್ಕೇ ಧೈರ್ಯ. ಅಭ್ಯಾಸ ಇಲ್ಲದವರು ಯಾರಿಂದಾದರೂ ಮಾಡಿಸಿ.

ಮೊದಲ ವಾರ ಇಷ್ಟವಾಗಲಿಲ್ಲ. ಬೆರಳು ಜಾರಬೇಕಾದಲ್ಲಿ ಅಂಟಿದ ಹಾಗಾಗುತ್ತಿತ್ತು. ದನಿಯೂ ನಾನು ಅಂದುಕೊಂಡಷ್ಟು ಮಂದ ಇರಲಿಲ್ಲ. ಫ್ಲಾಟ್ಸ್ ಪೈಕಿ ಕ್ರೋಮ್ಸ್ ಸ್ವಲ್ಪ ಹೊಳಪಿನ ಜಾತಿ. ಮೂರು ವಾರ ದಿನಾ ನುಡಿಸಿದ ಮೇಲೆ ಆ ಹೊಳಪು ಇಳಿಯಿತು. ಆಮೇಲೆ ಬಂದ ದನಿಯನ್ನು ಹೇಗೆ ಹೇಳಲಿ? ತಂತಿ ಮೀಟಿದರೆ "ಟಿಂಗ್" ಇಲ್ಲ, "ದುಂ" ಅಷ್ಟೇ. ಡೋಲಕ್‌ನ ಎಡಗಡೆಗೆ ಸ್ವರ ಬಂದ ಹಾಗೆ.

ಈ "ದುಂ"ನಿಂದ ನನ್ನ ಕಳ್ಳತನವೂ ಬಯಲಾಯಿತು. ದುಂಡು ತಂತಿಯಲ್ಲಿ ಮೊದಲ ಝಣ್ ಅನ್ನುವ ಸದ್ದೇ ಜನರ ಗಮನ ಸೆಳೆಯುತ್ತದೆ. ಸ್ವರವನ್ನು ಎಲ್ಲಿ ಬಿಟ್ಟೆ, ಎಷ್ಟು ಹೊತ್ತು ಹಿಡಿದೆ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಇಲ್ಲಿ ಆ ಆಟ ನಡೆಯುವುದಿಲ್ಲ. ಬೆರಳು ಕಾಲು ಮಾತ್ರೆ ಬೇಗ ಎತ್ತಿದರೆ ಹಾಡಿನ ಕೆಳಗೆ ಗುಂಡಿ ಬಿದ್ದ ಹಾಗೆ ಕೇಳುತ್ತದೆ. ನನಗೆ ಆ ಚಾಳಿ ಇದೆ ಅಂತ ಗೊತ್ತಾದದ್ದೇ ಈ ಜುಲೈನಲ್ಲಿ, ಹದಿನಾಲ್ಕು ವರ್ಷ ನುಡಿಸಿದ ಮೇಲೆ!

ನಮ್ಮ ಆರ್ಕೆಸ್ಟ್ರಾದಲ್ಲಿ ಹೆಚ್ಚಿನವು ಎಪ್ಪತ್ತು, ಎಂಬತ್ತರ ದಶಕದ ಕನ್ನಡ ಹಾಡುಗಳು. ಅವಕ್ಕೆ ಈ ತಂತಿ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲೂ ಇಳಯರಾಜ ಅವರ ಹಾಡುಗಳಿಗೆ. ಸ್ವಂತ ಸಿನಿಮಾ ಸಿಗುವ ಮೊದಲು ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಕೆಲಸ ಮಾಡಿದವರು ಅವರು. ಅವರ ಹಾಡಿನ ಬೇಸ್ ಮೂಲೆಯಲ್ಲಿ ಕೂತು ತಾಳ ಹಾಕುವುದಿಲ್ಲ, ಗಾಯಕರು ಉಸಿರು ಎಳೆದುಕೊಳ್ಳುವ ಜಾಗದಲ್ಲಿ ತನ್ನದೇ ಒಂದು ರಾಗ ಹೇಳಿ ಹೋಗುತ್ತದೆ. ಝಣಝಣ ತಂತಿಯಲ್ಲಿ ಅದನ್ನು ನುಡಿಸಿದರೆ ಗಾಯಕಿಗೆ ಅಡ್ಡ ಬಂದ ಹಾಗೆ. ಫ್ಲಾಟ್ಸ್‌ನಲ್ಲಿ ಎಷ್ಟು ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ.

ಎರಡು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಅಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುವುದೇ ಅರ್ಧ ವಿದ್ಯೆ. ಅದೇ ಗುಂಗಿನಲ್ಲಿ ಬೇಸ್ ತಂತಿಯನ್ನೂ ಎಳೆಯುವ ಚಟ ಹತ್ತಿತ್ತು. ಕ್ರೋಮ್ಸ್ ಅದಕ್ಕೆ ಜಗ್ಗುವುದಿಲ್ಲ, ಬೆರಳೇ ಸೋಲುತ್ತದೆ. ಜಾರು ಮಾತ್ರ ಬಹಳ ಚೆನ್ನ. ಐದನೇ ಫ್ರೆಟ್ಟಿನಿಂದ ಹನ್ನೆರಡಕ್ಕೆ ಜಾರಿದರೂ ಕೀಚ್ ಅನ್ನುವ ಸದ್ದಿಲ್ಲ.

ಈಗ ಅಮ್ಮನ ದೂರಿಗೆ ಬರೋಣ. ಬೇಸ್‌ನ ಅತಿ ಕೆಳಗಿನ ಸ್ವರದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಫೋನಿನ ಪುಟಾಣಿ ಸ್ಪೀಕರ್‌ಗೆ ಅಷ್ಟು ಕೆಳಗಿನ ದನಿ ಬರುವುದೇ ಇಲ್ಲ. ಆದರೂ ಫೋನಿನಲ್ಲಿ ಬೇಸ್ ಕೇಳಿಸುತ್ತದಲ್ವಾ? ಅದು ಮಿದುಳಿನ ಕರಾಮತ್ತು. 82, 123, 164 ಅಂತ ಮೇಲೆ ಮೇಲಿನ ಉಪಸ್ವರಗಳು ಸಾಲಾಗಿ ಕಿವಿಗೆ ಬಿದ್ದರೆ, ಇಲ್ಲದ ಬುಡವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಆ ಪುಟ್ಟ ಸ್ಪೀಕರ್‌ಗೆ ದಕ್ಕುವುದು ಸಾಲಿನ ಮೇಲಿನ ತುದಿ ಮಾತ್ರ. ಫ್ಲಾಟ್ಸ್‌ನಲ್ಲಿ ಕಡಿಮೆಯಾಗುವುದೂ ಆ ತುದಿಯೇ. ಊಹಿಸಲು ಸುಳಿವೇ ಇಲ್ಲ, ನಾನು ಸುಮ್ನೆ ನಿಂತ ಹಾಗೆ. ಯೂಟ್ಯೂಬ್, ರೀಲ್ಸ್‌ಗೆ ಅಂತಲೇ ನುಡಿಸುವವರು ಇದನ್ನು ಯೋಚಿಸಿ ಕೊಳ್ಳಿ.

ಪೆಂಡಾಲಿನ ಕಥೆ ಬೇರೆ. ಸೌಂಡ್‌ನವರು ನನ್ನ ದನಿ ಕೇಳಿದ ಕೂಡಲೇ ಬೇಸ್ ಗುಂಡಿ ಏರಿಸಲು ಹೋದರು. ಏರಿಸಿದರೆ ಗುಂಯ್ ಅನ್ನುವ ಗದ್ದಲ ಅಷ್ಟೇ. "ಅಣ್ಣಾ, ಬೇಸ್ ಬೇಡ, ಮಿಡ್ ಸ್ವಲ್ಪ ಕೊಡಿ" ಅಂತ ಬೇಡಿಕೊಂಡೆ. 700, 800 ಹರ್ಟ್ಸ್ ಸುತ್ತಮುತ್ತಲಿನ ಆ ಮಧ್ಯದ ದನಿಯನ್ನು ಸ್ವಲ್ಪ ಏರಿಸಿದ ಮೇಲೆ ಪ್ರತಿ ಸ್ವರವೂ ಬಿಡಿಸಿ ಕೇಳಿತು. ದಸರಾ ಸಮಯದಲ್ಲಿ ಒಂದು ಕಾರ್ಯಕ್ರಮಕ್ಕೆ ಅಮ್ಮನೇ ಬಂದಿದ್ದರು. ದೊಡ್ಡ ಸ್ಪೀಕರ್ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮನೆಗೆ ಬಂದು, "ಕುರ್ಚಿ ನಡುಗ್ತಿತ್ತು ಕಣೇ, ಸ್ವಲ್ಪ ಮೆತ್ತಗೆ ನುಡಿಸು" ಅಂದರು.

ಇನ್ನೊಂದು ಖರ್ಚಿಲ್ಲದ ಉಪಾಯ. ಪಾತ್ರೆ ತೊಳೆಯುವ ಸ್ಪಂಜನ್ನು ಬೆರಳಗಲ ಕತ್ತರಿಸಿ, ತಂತಿಗಳು ಕೊನೆಗೆ ಕೂರುವ ಬ್ರಿಡ್ಜ್ ಹತ್ತಿರ ಅವುಗಳ ಅಡಿಗೆ ತುರುಕಿ. ಹಸಿರು ಭಾಗ ಕಿತ್ತುಹಾಕಿ, ಮೆತ್ತಗಿನ ಹಳದಿ ಭಾಗ ಮಾತ್ರ. ಹಳೆ ಫೆಂಡರ್‌ಗಳಲ್ಲಿ ಬ್ರಿಡ್ಜ್ ಮುಚ್ಚಳದ ಒಳಗೆ ಇಂಥದ್ದೇ ಒಂದು ಫೋಮ್ ಇರುತ್ತಿತ್ತು. ಕ್ರೋಮ್ಸ್ ಜೊತೆ ಇದು ಸೇರಿದರೆ ಸ್ವರ ಹುಟ್ಟಿದ ತಕ್ಷಣ ಕೂತುಬಿಡುತ್ತದೆ, ನಿಧಾನದ ಹಾಡಿಗೆ ಬಹಳ ಹಿತ.

ಸ್ಲ್ಯಾಪ್ ನುಡಿಸುವವರಿಗೆ ಕ್ರೋಮ್ಸ್ ತಗೊಳ್ಳಿ ಅಂತ ಹೇಳಲಾರೆ. ಬೇಸ್ ವಾದಕಿ ಮೋಹಿನಿ ಡೇ ಥರ ಹೆಬ್ಬೆರಳಿನಲ್ಲಿ ಹೊಡೆದು ಕಿಡಿ ಹಾರಿಸಬೇಕು ಅಂದರೆ ದುಂಡು ತಂತಿಯೇ ಸರಿ. ನಾನು ಪ್ರಯತ್ನಪಟ್ಟೆ. ಒದ್ದೆ ಬಟ್ಟೆ ಒಗೆದ ಹಾಗಿತ್ತು. ಬರುವ ತಿಂಗಳು ಒಂದು ಆರತಕ್ಷತೆ ಇದೆ. ಹುಡುಗನ ಕಡೆಯವರು ಕಳಿಸಿದ ಪಟ್ಟಿಯಲ್ಲಿ ಎಲ್ಲವೂ ಈಗಿನ ಹಾಡುಗಳೇ, ಎರಡಕ್ಕೆ ಸ್ಲ್ಯಾಪ್ ಬೇಕೇ ಬೇಕು. ಫ್ಲಾಟ್ಸ್ ಬಿಚ್ಚಿ ಮತ್ತೆ ಹಾಕುವ ಮನಸ್ಸಿಲ್ಲ. ಅವತ್ತೊಂದು ದಿನಕ್ಕೆ ತಮ್ಮನ ಐಬನೆಜ್ ಬೇಸ್ ಕೇಳಿದ್ದೇನೆ. ಇನ್ನೂ ಹೂಂ ಅಂದಿಲ್ಲ.